ಹೊರಗಿನಿಂದ ಇಪ್ಪತ್ತು ಸಲ

ಜಿಪ್ಪಿನ ಹಿಡಿ ಕಿತ್ತು ಕೈಗೇ ಬಂತು. ಬರುವಾಗ ಟಿಕ್ಕೆಂದು ಒಂದು ಸಣ್ಣ ಸದ್ದು ಮಾಡಿತು. ಆ ಸದ್ದಿನ ಅರ್ಥವನ್ನು ತನ್ನಷ್ಟು ಚೆನ್ನಾಗಿ ಬಲ್ಲವರು ಈ ಭೂಮಿಯ ಮೇಲೆ ಹೆಚ್ಚು ಜನ ಇರಲಾರರು ಎಂದು, ಟೆಂಟಿನೊಳಗೆ ಮೊಣಕಾಲೂರಿ ಕೂತಿದ್ದ ಅವನಿಗೆ ಅಂಥ ಹೊತ್ತಿನಲ್ಲೂ ಒಂದಿಷ್ಟು ಹೆಮ್ಮೆಯಾಯಿತು. ಟೆಂಟು ಹೊಲಿಯುವ ಕಾರ್ಖಾನೆಯಲ್ಲಿ ಇಪ್ಪತ್ತಮೂರು ವರ್ಷದಿಂದ ಜಿಪ್ಪು ಪರೀಕ್ಷಿಸುತ್ತ ಬಂದವನು ಅವನು. ಬಾಗಿಲ ಜಿಪ್ಪಿನ ಮೇಲೆ ಓಡಾಡುವ ಲೋಹದ ರನ್ನರಿಗೆ ಎರಡು ಹಿಡಿ, ಹೊರಗೊಂದು, ಒಳಗೊಂದು. ಹಿಡಿಯನ್ನು ಎಳೆದರೆ ಮಾತ್ರ ರನ್ನರಿನ ಹೊಟ್ಟೆಯೊಳಗಿನ ಪುಟ್ಟ ಮುಳ್ಳು ಮೇಲೇಳುತ್ತದೆ. ಇಲ್ಲವಾದರೆ ಏನು ಮಾಡಿದರೂ ಅದು ಕದಲುವುದಿಲ್ಲ. ಗಾಳಿಗೆ ಬಾಗಿಲು ತಾನಾಗಿ ತೆರೆದುಕೊಳ್ಳದಿರಲೆಂದು ಮಾಡಿದ ಏರ್ಪಾಡು. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಇದನ್ನೆಲ್ಲ ಬೆರಳು ತೋರಿಸಿ ವಿವರಿಸುತ್ತಿದ್ದವನೂ ಅವನೇ. ಈಗ ಉಗುರು ಹಾಕಿ ಒತ್ತಿದ, ಹಲ್ಲಿನಲ್ಲಿ ಕಚ್ಚಿದ, ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಒಂದು ಸಲ ಅದನ್ನು ಬೇಡಿಕೊಂಡೂ ನೋಡಿದ. ಕದಲಲಿಲ್ಲ. ಏರ್ಪಾಡು ಚೆನ್ನಾಗಿಯೇ ಇತ್ತು. ಬಾಗಿಲ ಅಂಚಿಗೆ ಹೊಲಿದಿದ್ದ ಬೆರಳಗಲದ ಬಿಳಿ ಪಟ್ಟಿಯ ಮೇಲೆ 'ಪರೀಕ್ಷಿಸಲಾಗಿದೆ, 7' ಎಂಬ ಮುದ್ರೆ ಸರಿಯಾಗಿ ಅವನ ಮೂಗಿನ ನೇರಕ್ಕಿತ್ತು. ಕಾರ್ಖಾನೆಯಲ್ಲಿ ಏಳನೆಯ ನಂಬರು ಅವನದೇ. ಗಡಿಯಾರ ನೋಡಿದ. ಬೆಳಗಿನ ಆರು ಗಂಟೆ ನಲವತ್ತು ನಿಮಿಷ.

ಕೂಗಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಅವನೇನು ಕಾಡಿನಲ್ಲಿ ಕಳೆದುಹೋಗಿರಲಿಲ್ಲ. ಲಾಡ್ಜಿನ ಅಂಗಳದಲ್ಲಿ, ಊಟದ ಮನೆಯ ದೊಡ್ಡ ಗಾಜಿನ ಕಿಟಕಿಯಿಂದ ನಲವತ್ತು ಹೆಜ್ಜೆ ದೂರದಲ್ಲಿದ್ದ. ಹೊರಗಿನ ಹಿಡಿ ಗಟ್ಟಿಯಾಗಿಯೇ ಇತ್ತು, ಯಾರು ಬೇಕಾದರೂ ಒಂದೇ ಬೆರಳಲ್ಲಿ ತೆಗೆಯಬಹುದಿತ್ತು. ಐದು ದಿನದ ಬೆಟ್ಟದ ದಾರಿ ಅದು. ಪ್ರತಿ ಸಂಜೆಯೂ ಒಂದು ಲಾಡ್ಜಿಗೆ ಬಂದು ಮುಟ್ಟುತ್ತದೆ. ಗೋಡೆ ಬೇಕೆನ್ನುವವರು ಒಳಗೆ, ಬೇಡವೆನ್ನುವವರು ಅಂಗಳದಲ್ಲಿ ಟೆಂಟು ಹಾಕಿಕೊಂಡು ಹೊರಗೆ. ಬೇಡವೆಂದವನು ಈ ಸಲ ಅವನೊಬ್ಬನೇ. ಹೆಂಡತಿ ಒಳಗೆ. ಹಗಲೆಲ್ಲ ಇಬ್ಬರೂ ಒಂದೇ ದಾರಿಯಲ್ಲಿ ನಡೆದು, ಸಂಜೆ ಕಚೇರಿ ಬಿಟ್ಟ ಸಹೋದ್ಯೋಗಿಗಳಂತೆ ಅಂಗಳದಲ್ಲಿ ಬೇರೆಯಾಗುವುದು, ಬೆಳಗ್ಗೆ ಮತ್ತೆ ಸೇರುವುದು. ಒಳಗಿನವರು ತಿಂಡಿ ತಿನ್ನುತ್ತ ಕಿಟಕಿಯಿಂದ ಅವನ ಟೆಂಟನ್ನೇ ನೋಡುತ್ತಿದ್ದರು, ನೋಡಲು ಆ ಕಡೆ ಬೇರೇನೂ ಇರಲಿಲ್ಲ. ನಿನ್ನೆ ಬೆಳಗ್ಗೆ ಅವನು ಹೊರಬಂದು ಸೊಂಟ ನೆಟ್ಟಗೆ ಮಾಡಿಕೊಂಡಾಗ ಯಾರೋ ಚಪ್ಪಾಳೆ ತಟ್ಟಿದ್ದರು. ಇವತ್ತು ಅಂಥವರ ಮುಂದೆ, ಟೆಂಟಿನಿಂದ ಹೊರಬರಲಾಗದೆ ಕೂತಿದ್ದೇನೆ, ಯಾರಾದರೂ ತೆಗೆಯಿರಿ ಎಂದು ಕೂಗುವುದೆಂದರೆ! ಚಾಕುವಿದ್ದರೆ ಬಟ್ಟೆ ಕೊಯ್ದುಕೊಂಡಾದರೂ ಹೋಗಬಹುದಿತ್ತು. ಚಾಕು ಹೆಂಡತಿಯ ಚೀಲದಲ್ಲಿತ್ತು, ಸೇಬು ಹೆಚ್ಚಲು ಬೇಕೆಂದು ಅವಳೇ ಇಟ್ಟುಕೊಂಡಿದ್ದಳು.

ಮೂರು ವಾರದ ಹಿಂದೆ ಅವಳು ಫೋನಿನಲ್ಲಿ ತನ್ನ ಅಕ್ಕನಿಗೆ ಹೇಳುತ್ತಿದ್ದುದು ಅವನ ಕಿವಿಗೆ ಬಿದ್ದಿತ್ತು. ಕದ್ದು ಕೇಳಿದ್ದಲ್ಲ. ಅವಳ ಕೆಲಸ ರೈಲು ನಿಲ್ದಾಣದಲ್ಲಿ ಗಾಡಿಗಳು ಬರುವುದು ಹೋಗುವುದನ್ನು ಮೈಕಿನಲ್ಲಿ ಹೇಳುವುದು. ಅವಳು ಗುಟ್ಟು ಹೇಳಿದರೂ ಎಂಟು ಪ್ಲಾಟ್‌ಫಾರಮ್ಮಿಗೆ ಕೇಳಿಸುತ್ತದೆ. "ಲಾಡ್ಜಲ್ಲಿ ಎರಡು ಹಾಸಿಗೆ, ಬೇರೆ ಬೇರೆ ಇರ್ತವಂತೆ ಅಕ್ಕ. ಇವರ ಗೊರಕೆ ಕಿವಿಗೆ ಬಡಿಯದಷ್ಟು ದೂರ. ಇಪ್ಪತ್ತೆರಡು ವರ್ಷಕ್ಕೆ ಒಂದ್ಸಲ ನೆಟ್ಟಗೆ ನಿದ್ದೆ ಮಾಡ್ತೀನಿ ನೋಡು." ಅಷ್ಟೇ. ಅದರಲ್ಲಿ ಬೈಗುಳವಿರಲಿಲ್ಲ, ಕೋಪವಿರಲಿಲ್ಲ, ಇದ್ದದ್ದು ಸಂತೋಷ. ಅದೇ ಅವನಿಗೆ ಚುಚ್ಚಿತು. ಅವತ್ತು ಸಂಜೆ ಅವಳು ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಾಗ ಎದುರಿಗೆ ಹೋಗಿ ನಿಂತು, "ನಾನು ಟೆಂಟಲ್ಲಿ ಮಲಗ್ತೀನಿ. ಬೆಟ್ಟಕ್ಕೆ ಹೋಗಿ ಗೋಡೆ ಮಧ್ಯ ಮಲಗೋದು ಏನ್ ಚೆಂದ?" ಎಂದ. ಅವಳು ಚಳಿ ಎನ್ನುತ್ತಾಳೆ, ನಿಮ್ಮ ಸೊಂಟ ಎನ್ನುತ್ತಾಳೆ, ಹಾವು ಎನ್ನುತ್ತಾಳೆ ಎಂದುಕೊಂಡು ಮೂರಕ್ಕೂ ಉತ್ತರ ಸಿದ್ಧ ಮಾಡಿಕೊಂಡು ಬಂದಿದ್ದ. ಮೂರನೆಯದಕ್ಕೆ ಸೋತಂತೆ ಮಾಡಿ ಲಾಡ್ಜಿಗೆ ಒಪ್ಪಿಕೊಳ್ಳುವುದೆಂದೂ ಇತ್ತು. ಅವಳು ಅಂಗಿಯ ಒಂದು ತೋಳನ್ನು ಮಡಿಸಿ, ಇನ್ನೊಂದನ್ನು ನೀವಿ, "ಹಾಗೇ ಮಾಡಿ" ಎಂದಳು. ಹಾವಿನ ಉತ್ತರ ಅವನ ಬಾಯಲ್ಲೇ ಉಳಿಯಿತು. ಮಾರನೆಯ ದಿನ ಕಾರ್ಖಾನೆಯಲ್ಲಿ ಹೇಳಿ ಒಂದು ಟೆಂಟು ತಂದ. ಅಷ್ಟು ವರ್ಷ ಟೆಂಟುಗಳ ನಡುವೆಯೇ ಬದುಕಿದ್ದ ಅವನು ಒಂದರಲ್ಲೂ ಅದುವರೆಗೆ ಮಲಗಿರಲಿಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಅವಳದನ್ನು ಎತ್ತಿ ಆಡಲಿಲ್ಲ.

ಟೆಂಟಿನ ಬಲೆಯ ಕಿಟಕಿಗೆ ಮುಖವೊತ್ತಿ ನೋಡಿದ. ಲಾಡ್ಜಿನ ಒಡತಿ ಒಗೆದ ಹಾಸುಗಳ ಬುಟ್ಟಿ ಹಿಡಿದು ಬಂದು ಹಗ್ಗದ ಮೇಲೆ ಒಂದೊಂದಾಗಿ ಕೊಡವಿ ಹಾಕುತ್ತಿದ್ದಳು. ಅವನ ಮುಖ ಕಂಡು ಕೈ ತಡೆದಳು.

"ಏನ್ ಸಾರ್, ಇನ್ನೂ ಎದ್ದಿಲ್ವಾ?"

"ಎದ್ದು ಬಹಳ ಹೊತ್ತಾಯ್ತು. ಸುಮ್ನೆ ಬೆಟ್ಟ ನೋಡ್ತಾ ಕೂತಿದೀನಿ."

"ಬೆಟ್ಟ ಆ ಕಡೆ ಸಾರ್. ಇದು ನಮ್ಮ ಅಡುಗೆಮನೆ."

"ಅದನ್ನೂ ನೋಡ್ತೀನಿ."

ಅವಳು ಇನ್ನೊಂದು ಹಾಸು ಕೊಡವಿದಳು. "ತಿಂಡಿಗೆ ಬರಲ್ವಾ? ಮೊಟ್ಟೆ ಬೇಯಿಸಿದೀನಿ. ಎಂಟಕ್ಕೆಲ್ಲ ಎತ್ತಿಬಿಡ್ತೀವಿ."

ಅಷ್ಟು ಹತ್ತಿರ ನಿಂತಿದ್ದಳು, ಒಂದು ಮಾತು ಸಾಕಿತ್ತು. ಅವನ ಕೆಳಹೊಟ್ಟೆ ಆ ಒಂದು ಮಾತನ್ನು ಆಡಿಬಿಡು ಎಂದು ಒತ್ತಾಯಿಸುತ್ತಿತ್ತು. ಎದ್ದದ್ದೇ ಆ ಅವಸರಕ್ಕಾಗಿ, ಹಿಡಿಯನ್ನು ಅಷ್ಟು ಜೋರಾಗಿ ಎಳೆದದ್ದೂ ಅದಕ್ಕೇ. ಆದರೆ ಬಾಯಿಂದ ಬಂದದ್ದು ಬೇರೆ. "ನಮ್ಮ ಮನೆಯವರು ಎದ್ರಾ?" ಎಂದ.

"ಎದ್ದು ಸ್ನಾನ ಆಗಿ ಟೀ ಕುಡೀತಿದಾರೆ. ಡಾಕ್ಟ್ರು ಕಂಪನಿ ಕೊಡ್ತಿದಾರೆ," ಎಂದು ಹೇಳಿ ಒಡತಿ ಖಾಲಿ ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು ಹೋದಳು. ಅವಳು ಹಾಕಿದ ಹಾಸುಗಳು ಊಟದ ಮನೆಯ ಕಿಟಕಿಯನ್ನು ಅರ್ಧ ಮುಚ್ಚಿದವು. ಉಳಿದರ್ಧದಲ್ಲಿ ಹೆಂಡತಿ ಕಾಣುತ್ತಿದ್ದಳು.

ಡಾಕ್ಟ್ರು ಎಂದರೆ ಹಲ್ಲಿನ ಡಾಕ್ಟ್ರು. ಅದೇ ದಾರಿಯಲ್ಲಿ ಒಬ್ಬರೇ ನಡೆಯುತ್ತಿದ್ದವರು. ಎಲ್ಲಿ ಹೋದರೂ ಸ್ವಂತ ದಿಂಬು ಹೊತ್ತು ಹೋಗುವ ಜಾತಿ. ಅಂಥವರನ್ನು ನಂಬಬಾರದೆಂದು ಅವನಿಗೆ ಮೊದಲ ದಿನವೇ ಅನ್ನಿಸಿತ್ತು. ಹಾಸು ಗಾಳಿಗೆ ಏಳುವಾಗ ಡಾಕ್ಟ್ರ ಕೈ ಕಾಣಿಸುತ್ತಿತ್ತು, ಬೀಳುವಾಗ ಹೆಂಡತಿ ಬಾಯ್ತುಂಬ ನಗುವುದು ಕಾಣಿಸುತ್ತಿತ್ತು. ಆ ಮನುಷ್ಯ ಅಷ್ಟರಲ್ಲಿ ಅವಳ ಹಲ್ಲುಗಳನ್ನೆಲ್ಲ ಎಣಿಸಿ ಮುಗಿಸಿರಬೇಕು. ನಿನ್ನೆ ಏರುದಾರಿಯಲ್ಲಿ ಅವರಿಬ್ಬರೂ ಕೈ ಬೀಸಿಕೊಂಡು ಮುಂದೆ ಹೋಗುತ್ತಿದ್ದರು, ಬೆನ್ನ ಮೇಲೆ ಟೆಂಟು ಹೊತ್ತ ಇವನು ಹಿಂದೆ. ತಿರುವಿನಲ್ಲಿ ಅವಳು ನಿಂತು, "ಭಾರ ಆಯ್ತಾ? ಕಂಬಿಗಳನ್ನ ನಾನು ಹಿಡ್ಕೊಳ್ಲಾ?" ಎಂದು ಕೇಳಿದಳು. ಅವನು ಭಾರವೇ ಇಲ್ಲವೆಂದು ತೋರಿಸಲು ಹತ್ತು ಹೆಜ್ಜೆ ಓಡಿದ. ಓಡಿದವನು ಆಮೇಲೆ ಒಂದು ಬಂಡೆಯ ಹಿಂದೆ ಹೋಗಿ, ಹೂವು ನೋಡುವ ನೆಪದಲ್ಲಿ ಬಹಳ ಹೊತ್ತು ಉಸಿರು ಹುಡುಕಿಕೊಂಡ. ಅಲ್ಲಿ ಹೂವಿರಲಿಲ್ಲ. ಮೊದಲ ಸಂಜೆ ಹಲ್ಲುಜ್ಜುವ ಪೇಸ್ಟು ಕೇಳಲು ಹೋಗಿ ಅವಳ ಕೋಣೆಯ ಬಾಗಿಲು ತಟ್ಟಿದ್ದ. ಒಳಗಿನಿಂದ "ಯಾರು?" ಎಂದು ಬಂತು. "ನಾನು," ಎಂದ. "ನಾನು ಅಂದ್ರೆ?" ಎಂದಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಈ ಪ್ರಶ್ನೆ ಎದ್ದದ್ದು ಅದೇ ಮೊದಲು, ಅದಕ್ಕೆ ಅಲ್ಲೇ ನಿಂತು ಕೊಡಬಹುದಾದ ಉತ್ತರ ಅವನಲ್ಲಿರಲಿಲ್ಲ. "ಪೇಸ್ಟು," ಎಂದುಬಿಟ್ಟ. ಬಾಗಿಲು ಕೈಯಗಲ ತೆರೆದು ಪೇಸ್ಟು ಹೊರಬಂತು.

ಹಾಗೆ ಕೂತಲ್ಲಿ ಅವನಿಗೊಂದು ಯೋಚನೆ ಬಂತು. ಬಂದಾಗ ತುಂಬ ಘನವಾದದ್ದೆಂದು ಅನ್ನಿಸಿತು. ತಾನು ಕೂಗುವುದಿಲ್ಲ. ತಿಂಡಿಗೆ ಬರಲಿಲ್ಲವಲ್ಲ ಎಂದು ಅವಳಿಗೇ ಹೊಳೆಯಬೇಕು, ಅವಳೇ ಎದ್ದು ಬರಬೇಕು. ಎಷ್ಟು ಹೊತ್ತಿಗೆ ಬರುತ್ತಾಳೋ ನೋಡುತ್ತೇನೆ. ಬಂದರೆ ಇವತ್ತು ರಾತ್ರಿ ಲಾಡ್ಜು. ಬರದಿದ್ದರೆ ಉಳಿದ ಎರಡು ರಾತ್ರಿಯೂ ಟೆಂಟು, ಮನೆಗೆ ಹೋದಮೇಲೂ ನಡುಮನೆಯಲ್ಲಿ ಚಾಪೆ. ತನ್ನ ಪಕ್ಕ ಮಲಗಿ ಸಾಕಾಯಿತೋ ಅವಳಿಗೆ, ಇಲ್ಲವೋ, ಅದೊಂದು ತಿಳಿದುಬಿಡಲಿ. ಪರೀಕ್ಷೆ ಮಾಡುವುದು ಅವನ ಕಸುಬು. ಕಸುಬಿಗೆ ತಕ್ಕ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತ. ಏಳು ಗಂಟೆಗೆ ಅವಳು ಎದ್ದಳು. ಅವನು ಅವಸರವಾಗಿ ಕೂದಲು ಸರಿಮಾಡಿಕೊಂಡ. ಹೋಗಿ ಇನ್ನೊಂದು ಮೊಟ್ಟೆ ತಂದುಕೊಂಡು ಕೂತಳು. ಏಳು ಗಂಟೆ ಹತ್ತು ನಿಮಿಷಕ್ಕೆ ಟೆಂಟಿನ ಕಡೆ ತಿರುಗಿದಳು. ಬಲೆಗೆ ಮುಖವೊತ್ತಿದ್ದ ಅವನನ್ನು ಕಂಡು ಕೈ ಬೀಸಿದಳು. ಅವನೂ ಯಾವ ಯೋಚನೆಯಿಲ್ಲದೆ ಕೈ ಬೀಸಿದ, ನಗುತ್ತಲೇ. ಬೀಸಿದ ಮೇಲೆ ತನ್ನ ಕೈಯನ್ನೇ ದಿಟ್ಟಿಸಿ ನೋಡಿದ. ಡಾಕ್ಟ್ರೂ ಟೀ ಲೋಟ ಮೇಲೆತ್ತಿ ಅವನ ಆರೋಗ್ಯ ಹಾರೈಸಿದರು. ಆರೋಗ್ಯ ಆ ಹೊತ್ತಿಗೆ ಬಿಗಡಾಯಿಸಿತ್ತು. ಕಾಲು ಅಡ್ಡ ಹಾಕಿ, ಬಿಚ್ಚಿ, ಮತ್ತೆ ಇನ್ನೊಂದು ಕಡೆಯಿಂದ ಅಡ್ಡ ಹಾಕಿ, ಟೆಂಟಿನ ಕಂಬಿಗಳ ಲೆಕ್ಕದಿಂದ ಹಿಡಿದು ಕಾರ್ಖಾನೆಯ ಕ್ಯಾಂಟೀನಿನ ಕುರ್ಚಿಗಳ ಲೆಕ್ಕದವರೆಗೆ ಮನಸ್ಸನ್ನು ಎಳೆದಾಡಿದ. ಅದು ತಿರುಗಿ ತಿರುಗಿ ಮೂಗಿನೆದುರಿನ ಆ ಪಟ್ಟಿಗೇ ಬರುತ್ತಿತ್ತು.

ಪರೀಕ್ಷಿಸಲಾಗಿದೆ. ಯಾರು ಪರೀಕ್ಷಿಸಿದ್ದು? ಟೆಂಟುಗಳನ್ನು ಮೇಲಿನ ಸರಳಿಗೆ ನೇತುಹಾಕಿ ಅವನ ಮುಂದೆ ತಳ್ಳುತ್ತಿದ್ದರು. ಹೊರಗಿನ ಹಿಡಿಯಿಂದ ಹತ್ತು ಸಲ ಎಳೆಯಬೇಕು, ಒಳಗಿನಿಂದ ಹತ್ತು ಸಲ, ಆಮೇಲೆ ಮುದ್ರೆ. ಒಳಗಿನ ಹತ್ತಕ್ಕೆ ಬಗ್ಗಿ, ಬಟ್ಟೆಯ ಕೆಳಗೆ ನುಸುಳಿ, ಒಳಗೆ ಸೇರಿಕೊಳ್ಳಬೇಕು. ಅದು ಸೆಕೆ, ಕತ್ತಲೆ, ಹೊಸ ಬಟ್ಟೆಯ ವಾಸನೆ, ಜೊತೆಗೆ ಮೊಣಕಾಲ ನೋವು. ಕೆಲವು ವರ್ಷಗಳ ಹಿಂದೆ ಒಂದು ದಿನ ಅವನು ಹೊರಗಿನಿಂದಲೇ ಇಪ್ಪತ್ತು ಸಲ ಎಳೆದ. ಅಂದಿನಿಂದ ಅದೇ ರೂಢಿಯಾಯಿತು. ಮೋಸ ಮಾಡಿದೆನೆಂದು ಅವನಿಗೆ ಒಂದು ದಿನವೂ ಅನ್ನಿಸಿರಲಿಲ್ಲ, ಯಾಕೆಂದರೆ ಇಪ್ಪತ್ತಕ್ಕೆ ಒಂದೂ ಕಡಿಮೆ ಮಾಡುತ್ತಿರಲಿಲ್ಲ. ಹತ್ತೊಂಬತ್ತಾಯಿತೋ ಇಪ್ಪತ್ತಾಯಿತೋ ಎಂಬ ಅನುಮಾನ ಬಂದರೆ ಮೊದಲಿನಿಂದ ಎಣಿಸುತ್ತಿದ್ದ. ಅಂಥ ಪ್ರಾಮಾಣಿಕ. ಈಗ ಎಲ್ಲೆಲ್ಲಿ ಯಾವ್ಯಾವ ಬೆಟ್ಟದ ಮೇಲೆ ಎಷ್ಟು ಜನ ಕೈಯಲ್ಲಿ ಹಿಡಿ ಹಿಡಿದುಕೊಂಡು, ಕಾಲು ಅಡ್ಡ ಹಾಕಿಕೊಂಡು, ಏಳನೆಯ ನಂಬರಿನವನನ್ನು ಬೈಯುತ್ತ ಕೂತಿದ್ದಾರೋ! ಅವರಲ್ಲಿ ಕೆಲವರಾದರೂ ಕೂಗಿರುತ್ತಾರೆ. ಮರ್ಯಾದಸ್ಥರು ಮಾತ್ರ ಕೂಗದೆ ಕೂತಿರುತ್ತಾರೆ. ಒಳಗೆ ಸಿಕ್ಕಿಹಾಕಿಕೊಂಡೂ ಕೂಗದೆ ಕೂತಿರುವುದು ಏನೆಂದು ಅದುವರೆಗೆ ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ಒಬ್ಬರನ್ನು ಅವನು ಬಲ್ಲ ಎಂಬುದು ಆ ಕ್ಷಣದಲ್ಲಿ ತಟ್ಟನೆ ನೆನಪಾಯಿತು.

ಆರು ವರ್ಷವಾಗಿರಬೇಕು. ರಜೆಯ ದಿನ. ಕಿಟಕಿಯ ಪರದೆಗೆ ಹಸಿರು ಬಣ್ಣವೋ ನೀಲಿಯೋ ಎಂದು ಮಾತಿಗೆ ಮಾತು ಬೆಳೆದು, ಅವಳು ಬಚ್ಚಲಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ಬರಲಿಲ್ಲ. ಮುನಿಸಿಕೊಂಡಿದ್ದಾಳೆ, ಬರಲಿ ತಾನಾಗಿ ಎಂದು ಅವನು ರೇಡಿಯೋ ಜೋರು ಮಾಡಿದ. ಕಾಲಿನ ಉಗುರು ಕತ್ತರಿಸಿಕೊಂಡ. ಇಬ್ಬರಿಗೆಂದು ಸುಲಿದಿಟ್ಟಿದ್ದ ಕಿತ್ತಳೆಯಲ್ಲಿ ತನ್ನ ಪಾಲು ತಿಂದು, ಸ್ವಲ್ಪ ಹೊತ್ತಿಗೆ ಅವಳ ಪಾಲನ್ನೂ ತಿಂದ. ಕೊನೆಗೆ ಅವಳು ಬಾಗಿಲು ತೆಗೆದು ಬಂದಾಗ ಬೆವರಿ ನೆಂದಿದ್ದಳು, ಬಾಚಣಿಗೆಯ ಹಿಡಿಯಿಂದ ಚಿಲಕದ ತಿರುಪು ಬಿಚ್ಚಿ ಬಿಚ್ಚಿ ಬೆರಳ ತುದಿ ಸುಲಿದಿತ್ತು. "ಚಿಲಕ ಸಿಕ್ಕಿಹಾಕ್ಕೊಂಡಿತ್ತು," ಎಂದಳು. "ಅಯ್ಯೋ, ಕೂಗಬಾರ್ದಿತ್ತಾ?" ಎಂದ ಅವನು. ಅವಳು ಕಿತ್ತಳೆಯ ಸಿಪ್ಪೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಮಾರನೆಯ ದಿನ ಅವನು ಒಳ್ಳೆಯ ಹಿತ್ತಾಳೆಯ ಚಿಲಕ ತಂದು ಹಾಕಿ, ವಿಷಯ ಮುಗಿಯಿತೆಂದು ಕೈ ತೊಳೆದುಕೊಂಡ. ಎಂಟು ಪ್ಲಾಟ್‌ಫಾರಮ್ಮಿಗೆ ಕೇಳುವ ಗಂಟಲಿದ್ದವಳು ಯಾಕೆ ಕೂಗಲಿಲ್ಲ ಎಂದು ಯೋಚಿಸುವ ಗೋಜಿಗೇ ಹೋಗಿರಲಿಲ್ಲ. ರೇಡಿಯೋ ಕೇಳುತ್ತಿತ್ತಲ್ಲ ಅವಳಿಗೆ. ಇವನು ಇದ್ದಾನೆ, ಇವನಿಗೆ ಹೊಳೆಯುತ್ತದೆಯೋ ಇಲ್ಲವೋ ನೋಡೋಣವೆಂದು ಅವಳೂ ಹೀಗೆಯೇ ಗಡಿಯಾರವಿಲ್ಲದ ಆ ಬಚ್ಚಲಲ್ಲಿ ಕೂತಿದ್ದಳು. ಹೊಳೆಯಲಿಲ್ಲ. ಅವಳ ಪಾಲಿನ ಕಿತ್ತಳೆ ತಿಂದುಕೊಂಡು ಕೂತಿದ್ದ. ನಾಚಿಕೆಯಾಯಿತು. ಇಷ್ಟು ವರ್ಷ ಬಿಟ್ಟು, ಹೀಗೆ ಕೈಯಲ್ಲಿ ಒಂದು ಹಿಡಿ ಹಿಡಿದುಕೊಂಡು ನಾಚಿಕೆಪಡುವುದು ಬಹಳ ಕಷ್ಟದ ಕೆಲಸವಾಗಿತ್ತು. ಇಂಥವನು ಅವಳಿಗೆ ಪರೀಕ್ಷೆ ಇಡುತ್ತಾನಂತೆ.

ಬಲೆಗೆ ಬಾಯಿಟ್ಟು ಕೂಗಿದ. "ಏಯ್, ಇಲ್ಲಿ ಬಾರೇ! ನಾನು ಸಿಕ್ಕಿಹಾಕ್ಕೊಂಡಿದೀನಿ!"

ಊಟದ ಮನೆಯಲ್ಲಿ ಎಲ್ಲ ತಲೆಗಳೂ ಒಟ್ಟಿಗೆ ತಿರುಗಿದವು. ಡಾಕ್ಟ್ರು ಕಿಟಕಿಯ ಹತ್ತಿರ ಬಂದು ನಿಂತರು. ಹೆಂಡತಿ ಎದ್ದವಳು ಬಾಗಿಲು ದಾಟಿ, ಹಾಸುಗಳ ಕೆಳಗೆ ಬಗ್ಗಿ, ಕೈಯಲ್ಲಿ ಅರ್ಧ ಮೊಟ್ಟೆ ಹಿಡಿದುಕೊಂಡೇ ಬಂದಳು. ಬಟ್ಟೆಯ ಮೇಲೆ ಅವಳ ನೆರಳು ಬಿತ್ತು.

"ಏನ್ರೀ ಆಯ್ತು?"

"ಒಳಗಿನ ಹಿಡಿ ಕಿತ್ತು ಬಂತು. ಹೊರಗಿಂದ ತೆಗಿ."

"ಯಾವಾಗ?"

"ಆರೂ ನಲವತ್ತಕ್ಕೆ."

ಅವಳು ಗಡಿಯಾರ ನೋಡಿಕೊಂಡಿರಬೇಕು. "ಐವತ್ತಮೂರು ನಿಮಿಷ ಆಯ್ತಲ್ರೀ! ಕೂಗಬಾರ್ದಿತ್ತಾ?"

ಹೊರಗಿನ ಹಿಡಿ ಅವಳ ಬೆರಳಿಗೆ ತಾಕಿ ಸಣ್ಣಗೆ ಸದ್ದಾಯಿತು. ಈಗ ಸುಮ್ಮನಿದ್ದಿದ್ದರೆ ಎರಡೇ ಕ್ಷಣದಲ್ಲಿ ಹೊರಗಿರುತ್ತಿದ್ದ. ಅವನ ದೇಹದ ಪ್ರತಿಯೊಂದು ಭಾಗವೂ ಸುಮ್ಮನಿರು ಎಂದಿತು.

"ನೀನ್ಯಾಕೆ ಕೂಗಲಿಲ್ಲ ಅವತ್ತು? ಬಚ್ಚಲಲ್ಲಿ?" ಎಂದ.

ಹೊರಗೆ ಸದ್ದು ನಿಂತಿತು. ಹಾಸುಗಳು ಗಾಳಿಗೆ ಪಟಪಟ ಎಂದವು. ಅವಳು ಮೊಟ್ಟೆಯನ್ನು ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಅಗಿದು, ನುಂಗಿದಳು ಎಂದು ಅವನಿಗೆ ತಿಳಿಯಿತು. ಅವಳು ಮಾತಿಗೆ ಮುಂಚೆ ಬಾಯಿ ಖಾಲಿ ಮಾಡಿಕೊಳ್ಳುವವಳು.

"ಒಂದು ಗಂಟೆ ಐದು ನಿಮಿಷ," ಎಂದಳು.

"ಏನು?"

"ಅವತ್ತು. ಒಳಗೆ ಹೋಗೋವಾಗ ರೇಡಿಯೋದಲ್ಲಿ ಟೈಮ್ ಹೇಳಿದ್ರು, ಬರೋವಾಗಲೂ ಹೇಳಿದ್ರು. ನೀವು ಅಷ್ಟು ಜೋರಾಗಿ ಇಟ್ಟಿದ್ರಲ್ಲ, ಚೆನ್ನಾಗಿ ಕೇಳಿಸ್ತಿತ್ತು." ಬಾಯಲ್ಲೇ ಲೆಕ್ಕ ಹಾಕಿದಳು. "ಹಾಗಿದ್ರೆ ಇನ್ನು ಹನ್ನೆರಡು ನಿಮಿಷ ಇದೆ."

"ಲೇ, ಬೇಡ ಕಣೇ. ನನಗೆ ಅರ್ಜೆಂಟು."

"ನನಗೇನು ಅವತ್ತು ಅರ್ಜೆಂಟಿರಲಿಲ್ವಾ?"

"ನೀನು ಬಚ್ಚಲಲ್ಲೇ ಇದ್ಯಲ್ಲೇ!"

ಅವಳು ನಕ್ಕಳು. ಕಿಟಕಿಯ ಆಚೆ ನಕ್ಕಿದ್ದಕ್ಕಿಂತ ಈ ನಗು ಸಣ್ಣದು, ಆದರೆ ಮೂಗಿನಿಂದ ಸೊರ್ ಎಂದು ಒಂದು ಸದ್ದು ಸೇರಿಕೊಂಡಿತ್ತು. ಆ ಸದ್ದು ಹೊರಗಿನವರ ಮುಂದೆ ಬರುವುದಿಲ್ಲ. ಆಮೇಲೆ ಹುಲ್ಲಿನ ಮೇಲೆ ಕೂತು ಟೆಂಟಿಗೆ ಒರಗಿದಳು. ಬಟ್ಟೆ ಒಳಕ್ಕೆ ಉಬ್ಬಿ, ಅವಳ ಬೆನ್ನಿನ ಭಾರ ಅವನ ತೋಳಿಗೆ ತಾಗಿತು. ಡಾಕ್ಟ್ರು ಕಿಟಕಿ ತೆಗೆದು, "ಏನಾದ್ರೂ ಸಹಾಯ ಬೇಕಾ ಮೇಡಂ?" ಎಂದು ಕೇಳಿದರು.

"ಏನಿಲ್ಲ ಡಾಕ್ಟ್ರೇ," ಎಂದಳು ಅವಳು, ನಿಲ್ದಾಣದ ಗಂಟಲಿನಲ್ಲಿ. "ನಮ್ಮೆಜಮಾನ್ರು ಹನ್ನೆರಡು ನಿಮಿಷ ತಡವಾಗಿ ಬರ್ತಿದಾರೆ."

"ನಗಿಸ್ಬೇಡ, ದಮ್ಮಯ್ಯ," ಎಂದ ಅವನು, ಹೊಟ್ಟೆ ಒತ್ತಿ ಹಿಡಿದು. ನಗುವುದು ಆಗ ನಿಜವಾಗಿಯೂ ಅಪಾಯದ ಕೆಲಸವಾಗಿತ್ತು. ಆಮೇಲೆ ಅವನು ಕೇಳಬೇಕೆಂದಿದ್ದುದನ್ನು ಕೇಳಿಯೇಬಿಟ್ಟ. "ಈ ಎರಡು ರಾತ್ರಿ ನಿದ್ದೆ ಬಂತಾ ನಿನಗೆ?"

"ಬಂತು. ಸುಳ್ಳು ಯಾಕೆ ಹೇಳ್ಲಿ? ಹಾಸಿಗೆಗೆ ಬಿದ್ದಿದ್ದೊಂದೇ ಗೊತ್ತು."

ಅದರಿಂದ ಅವನಿಗೆ ನೋವಾಯಿತು. ಬರಲೇ ಇಲ್ಲ ಎಂದಿದ್ದರೆ ನಂಬುತ್ತಿರಲಿಲ್ಲ, ಆದರೂ ನೋವಾಯಿತು. "ಹಾಗಾದ್ರೆ ಇನ್ನೆರಡು ರಾತ್ರೀನೂ ಹಾಗೇ ಮಾಡು," ಎಂದ, ಆದಷ್ಟು ಮಾಮೂಲಿ ದನಿಯಲ್ಲಿ.

"ಇವತ್ತು ಒಳಗೇ ಬನ್ನಿ," ಎಂದಳು.

"ಗೊರಕೆ?"

"ಹೊಡೀರಿ. ಎರಡು ರಾತ್ರಿ ನಿದ್ದೆ ಆಯ್ತಲ್ಲ. ಮನುಷ್ಯ ಅನ್ನೋನು ಎಷ್ಟೂಂತ ನಿದ್ದೆ ಮಾಡೋದು?"

ಅವನು ಬಟ್ಟೆಯ ಉಬ್ಬಿಗೆ ಭುಜ ಒತ್ತಿಕೊಂಡು ಕೂತ. ಅವಳೂ ಸರಿಯಲಿಲ್ಲ. ಗಡಿಯಾರ ನೋಡಬಾರದೆಂದುಕೊಂಡೂ ನೋಡಿದ. ಅಷ್ಟರಲ್ಲಿ ಉಬ್ಬು ಇಳಿಯಿತು, ನೆರಳು ಎದ್ದು ಬಾಗಿಲ ಕಡೆ ಬಂತು, ಹಿಡಿ ಕಿಣಿಗುಟ್ಟಿತು.

"ಇನ್ನೂ ಐದು ನಿಮಿಷ ಇದೆ," ಎಂದ ಅವನು, ಬೆವರುತ್ತ. ಲೆಕ್ಕದಲ್ಲಿ ಅವನು ಯಾವತ್ತೂ ಕಡಿಮೆ ಮಾಡಿದವನಲ್ಲ.

"ಗೊತ್ತು," ಎಂದಳು ಅವಳು, ಮತ್ತು ಜಿಪ್ಪು ಸರ್ರನೆ ಓಡಿತು.

ಬೆಳಕು, ಗಾಳಿ, ಅವಳ ಮುಖ, ಮೊಟ್ಟೆಯ ವಾಸನೆ ಎಲ್ಲ ಒಟ್ಟಿಗೆ ಒಳನುಗ್ಗಿದವು. ಅವನು ಅದಾವುದಕ್ಕೂ ನಿಲ್ಲದೆ ಅವಳ ಪಕ್ಕದಿಂದ ನುಗ್ಗಿ ಕಾಲುಚೀಲದಲ್ಲೇ ಓಡಿದ. ಒದ್ದೆ ಹಾಸೊಂದು ಮುಖಕ್ಕೆ ಸುತ್ತಿಕೊಂಡಿತು, ಬಿಡಿಸಿಕೊಂಡು ಓಡಿದ. ಊಟದ ಮನೆಯಲ್ಲಿ ಚಪ್ಪಾಳೆ ಶುರುವಾಯಿತು, ಅದರ ನಡುವೆಯೇ ಓಡಿದ. ಶೌಚಾಲಯದ ಬಾಗಿಲಿಗೆ ಕೈ ಇಟ್ಟವನು ಅಷ್ಟು ಅವಸರದಲ್ಲೂ ಒಮ್ಮೆ ತಿರುಗಿ ನೋಡಿದ. ಅವಳು ಬೂಟು ಬಿಚ್ಚಿ ಪಕ್ಕಕ್ಕಿಟ್ಟು, ಏನಿದೆ ಇದರೊಳಗೆ ಎಂಬಂತೆ ತಲೆ ಬಗ್ಗಿಸಿ, ಟೆಂಟಿನೊಳಕ್ಕೆ ಹೋಗುತ್ತಿದ್ದಳು.

"ಜಿಪ್ಪು ಹಾಕ್ಕೋಬೇಡ!" ಎಂದು ಅವನು ಇಡೀ ಬೆಟ್ಟಕ್ಕೆ ಕೇಳುವ ಹಾಗೆ ಕಿರುಚಿದ. "ಅಲ್ಲೇ ಇರು! ಬಂದೆ! ಎರಡೇ ನಿಮಿಷ, ಬಂದೇಬಿಟ್ಟೆ!"